ಸೊನ್ನೆ ಪಾಯಿಂಟ್ ಏಳು ಒಂಬತ್ತು

ಮೂರು ರಾತ್ರಿಯಿಂದ ಅದೇ ಅಂಕಿ.
ನಾಲ್ಕೂವರೆ ದಾಟಬೇಕಾದ ಪ್ರೊಸೆಸರ್ರು
ಮೆಟ್ಟಿಲ ಮೇಲೆ ಮುನಿಸಿಕೊಂಡು ಕೂತ ಮಗುವಿನ ಹಾಗೆ;
ಏಳು ಅಂದರೆ
ಏಳು, ಒಂಬತ್ತು, ಅನ್ನುತ್ತದೆ.
ಮೌಸ್ ಎಳೆದರೆ ಬಾಣ ತಡವಾಗಿ ಹೊರಡುತ್ತದೆ,
ಕರೆದದ್ದು ತನ್ನನ್ನೇ ಹೌದೋ ಅಲ್ಲವೋ ಎಂಬಂತೆ.

ಸ್ಮರಾಂಡಾ ಈರುಳ್ಳಿ ಮಣೆ ಅತ್ತ ಸರಿಸಿ
ಕೇಸಿನ ಬಾಗಿಲು ಬಿಚ್ಚಿದಳು, ನಾಲ್ಕನೇ ಸಲ.
ತಿಮಿಶ್ವಾರಾದ ಫೆಬ್ರವರಿ. ಹೊರಗೆ ಮೈನಸ್ ಒಂಬತ್ತು.
ಹೆಸರಿಗೆ ಬೇಗಾ ಕಾಲುವೆ, ನೀರು ಹೆಪ್ಪುಗಟ್ಟಿ ನಿಂತಿದೆ.
ಒಳಗೆ ಅಡಿಗೆಮನೆಯ ಮೇಜಿನ ಮೇಲೆ
ನಮ್ಮ ಹದಿನಾಲ್ಕು ತಿಂಗಳ ಉಳಿತಾಯ
ಎದೆ ತೆರೆದು ಮಲಗಿದೆ.

ನಾನು ಟ್ರಾಮ್ ಡಿಪೋದ ಮೆಕ್ಯಾನಿಕ್.
ಬಿಸಿಯಾದದ್ದು ನಿಧಾನವಾಗುತ್ತದೆ, ಇಷ್ಟು ಬಲ್ಲೆ.
ಕೂಲರ್ ಕಳಚಿದೆವು. ಸ್ಪಿರಿಟ್ ಮುಗಿದಿತ್ತು,
ಭಾವಮೈದುನ ಎರಡು ಸಲ ಬಟ್ಟಿ ಇಳಿಸಿದ ಪ್ಲಮ್ ಬ್ರಾಂದಿಯಲ್ಲಿ
ಹಳೇ ಪೇಸ್ಟು ಒರೆಸಿ, ಬಟಾಣಿಯಷ್ಟು ಹೊಸದು ಇಟ್ಟೆವು.
ತಾಪ ನೋಡಿದರೆ ಮೂವತ್ತೊಂದು ಡಿಗ್ರಿ.
ಇಷ್ಟು ತಣ್ಣಗಿರುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಆಮೇಲೆ ಪವರ್ ಪ್ಲಾನು. ಆಮೇಲೆ ಬಯೋಸು.
ಆಮೇಲೆ ನಾಣ್ಯದಂಥ ಬ್ಯಾಟರಿ ತೆಗೆದು,
ನೂರರವರೆಗೆ ಎಣಿಸಿ, ಮತ್ತೆ ಹಾಕಿ,
ಕೆಳಗಿನ ಮನೆಯ ಕೊಡ್ರುಟ್‌ನ ಪವರ್ ಸಪ್ಲೈ ಎರವಲು ತಂದು,
ಎತ್ತಿನ ಜ್ವರಕ್ಕೆ ಕಂಡಕಂಡ ಎಮ್ಮೆಗೆಲ್ಲ ಬರೆ ಎಳೆದೆವು.
ಸೊನ್ನೆ ಪಾಯಿಂಟ್ ಏಳು ಒಂಬತ್ತು.

ಸತ್ತಿದೆ ಅಪ್ಪ, ಅಂದಳು.
ಸತ್ತದ್ದು ಇಷ್ಟು ನಿಷ್ಠೆಯಿಂದ ಒಂದೇ ಮಾತು ಆಡುವುದಿಲ್ಲ.
ಕೆಟ್ಟದ್ದು ತೊದಲುತ್ತದೆ. ಇದು ತೊದಲುತ್ತಿಲ್ಲ.
ಇದಕ್ಕೆ ಯಾರೋ ಹೇಳಿಟ್ಟಿದ್ದಾರೆ.

ನಮ್ಮ ಟ್ರಾಮುಗಳಿಗೂ ಒಂದು ಕೀಲಿಯುಂಟು:
ಶೆಡ್ಡಿನೊಳಗೆ ತಿರುಗಿಸಿದರೆ ಗಂಟೆಗೆ ಐದು ಕಿಲೋಮೀಟರ್,
ಎಷ್ಟು ತುಳಿದರೂ ಅಷ್ಟೇ.
ಹೋದ ವರ್ಷ ಗ್ಲಿಗೋರ್ ಮರೆತು ಹಾಗೇ ಬೀದಿಗಿಳಿಸಿದ,
ಸೇತುವೆಯ ತನಕ ಹಿಂದೆ ಬಸ್ಸುಗಳ ಮೆರವಣಿಗೆ.

ಟಾರ್ಚು ಹಿಡಿದು ಬೋರ್ಡಿನ ಅಂಚಿಗುಂಟ ಹೊರಟೆ.
ರ‍್ಯಾಮಿನ ಬಲಕ್ಕೆ, ದಪ್ಪ ಕೇಬಲ್ಲಿನ ನೆರಳಲ್ಲಿ
ಅಕ್ಕಿಕಾಳಿನಷ್ಟು ಸ್ವಿಚ್ಚು,
ಪಕ್ಕದಲ್ಲಿ ಇರುವೆ ಬರೆದಂಥ ಅಕ್ಷರ: ಸ್ಲೋ.

ಬೋರ್ಡು ಮಾರಿದವನ ಕೈ ನೆನಪಾಯಿತು.
ಭಾನುವಾರದ ಸಂತೆ, ನಿಂತ ಗಡಿಯಾರಗಳು, ಸ್ಕೀ ಬೂಟುಗಳು,
ನಡುವೆ ಒಪ್ರಿಶಾನ್. ನೋಟು ಎಣಿಸುವಾಗ ಕಂಡೆ,
ಎರಡು ಬೆರಳ ತುದಿ ಬೆಳ್ಳಗೆ, ಉಗುರಿಲ್ಲ.
ಬೆಂಕಿಯೇ, ಅಂದಿದ್ದೆ.
ಅಲ್ಲ, ಚಳಿ, ಅಂದಿದ್ದ.

ರಾತ್ರಿ ಹತ್ತೂವರೆಗೆ ಫೋನ್ ಹಚ್ಚಿದೆ.
ನಕ್ಕ. ಆಮೇಲೆ ನಗಲಿಲ್ಲ.
"ದ್ರವ ಸಾರಜನಕ ಸುರಿದು ಓಡಿಸುತ್ತಿದ್ದೆವು, ಪಂದ್ಯಕ್ಕೆ.
ಏಳು ಗಿಗಾಹರ್ಟ್ಸ್, ಹತ್ತೇ ಸೆಕೆಂಡು.
ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ
ಆ ಸ್ವಿಚ್ಚು ಹಾಕುತ್ತಿದ್ದೆ, ಸಾಯದಿರಲಿ ಅಂತ.
ಕೊನೆಯ ಸಲ ತೆಗೆಯುವುದಾಗಲಿಲ್ಲ.
ಆಸ್ಪತ್ರೆಗೆ ಹೋಗಬೇಕಾಯಿತಲ್ಲ."

ಸ್ಮರಾಂಡಾ ಹಲ್ಲುಕಡ್ಡಿಯ ತುದಿಯಿಂದ
ಅದನ್ನು ಆ ಕಡೆಗೆ ತಳ್ಳಿದಳು. ಟಿಕ್ ಅನ್ನಲೂ ಇಲ್ಲ.

ನಾಲ್ಕು ಪಾಯಿಂಟ್ ಆರು.

ಅವಳು ಕುಣಿಯಲಿಲ್ಲ. ಕುರ್ಚಿ ಎಳೆದುಕೊಂಡು
ಮೂರು ದಿನದಿಂದ ನಡುನದಿಯಲ್ಲೇ ನಿಂತಿದ್ದ
ತನ್ನ ಚಿತ್ರದ ಕುದುರೆಯನ್ನು ಈಜಲು ಬಿಟ್ಟಳು.
ಫ್ಯಾನುಗಳು ಒಂದರ ಹಿಂದೊಂದು ಎದ್ದವು.

ನಾನು ಈರುಳ್ಳಿ ಮಣೆ ಹತ್ತಿರ ಎಳೆದುಕೊಂಡೆ.
ಫೋನಿನಲ್ಲಿ ಅವನಿನ್ನೂ ಇದ್ದ.
"ಓಡಿತಾ?"
"ಓಡಿತು."
"ಸ್ವಲ್ಪ ಕೇಳಿಸಿ," ಅಂದ.
ತೆರೆದ ಕೇಸಿನ ಬಳಿ ಫೋನು ಹಿಡಿದು
ಕೈ ನೋಯುವವರೆಗೂ ನಿಂತೆ.